ಹೊರಗೆ ಮಲಗುವ ನಾಯಿಗೆ ಕಂಬಳಿ ಬೇಡ, ಒಣಹುಲ್ಲು ಹಾಕಿ

ಚಳಿಗೆ ಅಂತ ಅಂಗಳದ ನಾಯಿಗೆ ಹಳೇ ಬೆಡ್‌ಶೀಟು, ಕಂಬಳಿ ಹಾಸಿದ್ದರೆ ತೆಗೆದು ಒಣಗಿದ ಭತ್ತದ ಹುಲ್ಲು ಹಾಕಿ ನೋಡಿ. ಒಂದು ಗೇಣು ದಪ್ಪ, ಸಡಿಲವಾಗಿ. ಬಟ್ಟೆ ಇಬ್ಬನಿಯ ತೇವ ಹೀರಿಕೊಂಡು ಬೆಳಗಿನ ಜಾವಕ್ಕೆ ತಣ್ಣಗಾಗಿರುತ್ತದೆ, ಆಮೇಲೆ ನಾಯಿಯ ಮೈಬಿಸಿಯನ್ನೇ ಎಳೆಯುತ್ತದೆ. ಹುಲ್ಲಿನ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನಾಯಿ ಅದರಲ್ಲಿ ಗುಳಿ ಮಾಡಿಕೊಂಡು ಮುದುರಿ ಮಲಗಿದರೆ ಬಿಸಿ ಅಲ್ಲೇ ನಿಲ್ಲುತ್ತದೆ. ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ಹಲಗೆ ಹಾಕಿ, ಸಿಮೆಂಟ್ ನೆಲದ ತಂಡಿಯೇ ಅರ್ಧ ಕಾಟ ಅಲ್ವಾ. ಗೂಡು ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಸುಮ್ನೆ ಹೇಳ್ತಾರೆ. ನಾಯಿ ಎದ್ದು ತಿರುಗಿ ಮಲಗುವಷ್ಟು ಜಾಗ ಸಾಕು, ಜಾಸ್ತಿ ಆದರೆ ಅದರ ಮೈಬಿಸಿಗೆ ಗೂಡು ಬೆಚ್ಚಗಾಗುವುದಿಲ್ಲ. ಬಾಗಿಲು ಗಾಳಿ ಬೀಸುವ ಕಡೆಗೆ ಬೇಡ. ಭತ್ತದ ಹುಲ್ಲು ಸಿಗದ ಕಡೆ ಗೋಧಿ ಹುಲ್ಲೂ ಆಗುತ್ತದೆ. ಜೋಳದ ದಂಟು ಮಾತ್ರ ಚುಚ್ಚುತ್ತದೆ. ಹುಲ್ಲು ಒದ್ದೆಯಾದರೆ ಆಟ ಮುಗೀತು, ಬೂಷ್ಟು ಹಿಡಿದು ವಾಸನೆ ಬರುತ್ತದೆ. ಕೈ ಹಾಕಿ ನೋಡಿ, ತೇವ ಅನಿಸಿದರೆ ಪೂರ್ತಿ ಬದಲಿಸಿ. ಉಣ್ಣಿ ಹುಳದ ಕಾಟ ಇದ್ದರೂ ಅಷ್ಟೇ. ಮರಿಗಳಿಗೆ, ಮುದಿ ನಾಯಿಗೆ, ಡಾಬರ್‌ಮನ್ ತರಹ ಗಿಡ್ಡ ಕೂದಲಿನವಕ್ಕೆ ಇದು ಸಾಲದು. ಬೀದರ್, ವಿಜಯಪುರದ ಕಡೆ 10 ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಇಂಥವನ್ನು ಒಳಗೇ ಮಲಗಿಸಿ. ಇನ್ನೂ ಬೆಚ್ಚಗಿರಲಿ ಅಂತ ಗೂಡಿನೊಳಗೆ ಬಲ್ಬ್ ನೇತುಹಾಕಬೇಡಿ, ಒಣಹುಲ್ಲಿಗೆ ಬೆಂಕಿ ತಗಲೋಕೆ ಹೆಚ್ಚು ಹೊತ್ತು ಬೇಕಿಲ್ಲ.