‘ಗೊತ್ತಾ ಮಕ್ಕಳೇ?’ ಅಂತ ಕೇಳಬೇಡಿ

ಜೂನ್‌ನಲ್ಲಿ ಎಂಟನೇ ತರಗತಿಗೆ ಹೋಗಿ ‘ದಶಮಾಂಶ ಗೊತ್ತಾ?’ ಅಂತ ಕೇಳಿ ನೋಡಿ. ‘ಗೊತ್ತು ಸಾರ್’ ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಅದನ್ನೇ ನಂಬಿ ನೇರ ಪಾಠಕ್ಕಿಳಿದು ಆಗಸ್ಟ್‌ನಲ್ಲಿ ತಲೆ ಚಚ್ಚಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನೂ ಅವರಲ್ಲೊಬ್ಬನಾಗಿದ್ದೆ.

ನಮ್ಮ ಶಾಲೆಗಳಲ್ಲಿ ಇದಕ್ಕೆಂದೇ ಸೇತುಬಂಧವಿದೆ: ವರ್ಷದ ಆರಂಭದಲ್ಲಿ ಹಿಂದಿನ ತರಗತಿಯದ್ದು ಎಷ್ಟು ಬರುತ್ತದೆ ಎಂದು ಪರೀಕ್ಷಿಸಿ, ಬಾರದ್ದನ್ನು ಕಲಿಸುವ ಕಾರ್ಯಕ್ರಮ. ಅದರ ಪೂರ್ವ ಪರೀಕ್ಷೆಯಲ್ಲೇ ಕೆಲಸ ಕೆಡುವುದು.

ಮೊದಲ ಎರಡು ಅಧ್ಯಾಯಗಳಿಗೆ ಹಿಂದಿನ ಯಾವ ಪಾಠ ಬೇಕೋ ಪಟ್ಟಿ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಇನ್ನು ಪ್ರಶ್ನೆಗಳು. ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಪಿಡಿಎಫ್ ಪತ್ರಿಕೆ ಬೇಡವೇ ಬೇಡ. ಐದೇ ಪ್ರಶ್ನೆ ಸಾಕು, ಆದರೆ ತಪ್ಪು ಉತ್ತರವೇ ಬಾಯಿ ಬಿಡುವಂತಿರಬೇಕು. 0.25, 0.75ರಲ್ಲಿ ಯಾವುದು ದೊಡ್ಡದು ಅಂದರೆ ಚುಕ್ಕಿಯ ಗಂಧಗಾಳಿ ಇಲ್ಲದವನೂ ಸರಿ ಹೇಳುತ್ತಾನೆ. 0.5, 0.35, 0.125 ಕೊಡಿ. 0.125 ಅಂದವನು ಅದನ್ನು ನೂರಿಪ್ಪತ್ತೈದು ಎಂದೇ ಓದಿದ್ದಾನೆ. ಇನ್ನೊಂದು: 8 + 4 = □ + 5. ಉತ್ತರ 7. ಚೌಕದಲ್ಲಿ 12 ಬರೆದವಳಿಗೆ ಸಮ ಚಿಹ್ನೆ ಎಂದರೆ ‘ಇಲ್ಲಿ ಉತ್ತರ ಬರೆ’ ಎಂದಷ್ಟೇ. 17 ಬರೆದವಳು ಕಂಡದ್ದನ್ನೆಲ್ಲ ಕೂಡಿದ್ದಾಳೆ. ಸಮೀಕರಣದಲ್ಲಿ ಇಬ್ಬರೂ ಎಡವುತ್ತಾರೆ, ಮದ್ದು ಮಾತ್ರ ಬೇರೆ ಬೇರೆ. ಪ್ರತಿ ಉತ್ತರದ ಕೆಳಗೆ ‘ಹೇಗೆ ಗೊತ್ತಾಯ್ತು?’ ಎಂದು ಒಂದು ಸಾಲು ಬರೆಸಿ.

ಅಂಕ ಹಾಕಬೇಡಿ, ಕೆಂಪು ಪೆನ್ನು ಮನೆಯಲ್ಲೇ ಇರಲಿ. ಅಂಕ ಅಂದ ತಕ್ಷಣ ಕಣ್ಣು ಪಕ್ಕದ ಹಾಳೆಗೆ ಹೋಗುತ್ತದೆ. ಆಗ ನೀವು ಅಳೆಯುವುದು ಆ ಬೆಂಚಿನ ಜಾಣನನ್ನು.

ಇಷ್ಟ, ಭಯದ ವಿಷಯ ಬೇರೆ ದಿನ ಇಟ್ಟುಕೊಳ್ಳಿ. ‘ಗಣಿತ ಇಷ್ಟವೇ?’ ಎಂದು ಹೆಸರು ಬರೆಸಿ ಕೇಳಿದರೆ ಎಲ್ಲರಿಗೂ ಇಷ್ಟವೇ. ಐದು ನಗುಮುಖದ ನಮೂನೆಯೂ ದಂಡ, ಎಲ್ಲರೂ ನಡುವಿನದಕ್ಕೇ ಟಿಕ್ ಹಾಕುತ್ತಾರೆ. ಹೆಸರಿಲ್ಲದ ಚೀಟಿಯಲ್ಲಿ ಅರ್ಧ ವಾಕ್ಯ ಕೊಡಿ: ‘ಬೋರ್ಡಿಗೆ ಕರೆದರೆ ನನಗೆ…’ ಒಂದು ವರ್ಷ ಒಂದು ಚೀಟಿಯಲ್ಲಿ ‘ಹೊಟ್ಟೆ ನೋಯುತ್ತೆ’ ಎಂದಿತ್ತು. ಅಕ್ಷರ ನೋಡಿ ಯಾರೆಂದು ಪತ್ತೆ ಮಾಡುವ ಚಪಲವಾಯಿತು, ತಡೆದುಕೊಂಡೆ. ಅಂದಿನಿಂದ ಬೋರ್ಡಿಗೆ ಇಬ್ಬಿಬ್ಬರನ್ನೇ ಕರೆಯುತ್ತೇನೆ.

ಕೊನೆಗೆ ಉತ್ತರದ ಹಾಳೆಗಳನ್ನು ತಪ್ಪಿನ ಪ್ರಕಾರ ಗುಡ್ಡೆ ಮಾಡಿ. 12ರ ಗುಡ್ಡೆ ದೊಡ್ಡದಾದರೆ ಸಮೀಕರಣ ಒಂದು ವಾರ ಕಾಯಲಿ, ತರಗತಿಗೆ ತಕ್ಕಡಿ ಬರಲಿ. ಸಮ ಎಂದರೆ ಎರಡೂ ಕಡೆ ಒಂದೇ ತೂಕ ಎಂದು ತೋರಿಸಲು ಎರಡು ತಟ್ಟೆಯದ್ದೇ ಬೇಕು. ಕಿರಾಣಿ ಅಂಗಡಿಯವರ ಅಟ್ಟದಲ್ಲಿ ಹಳೆಯದೊಂದು ಇರುತ್ತದೆ, ಕೇಳಿದರೆ ಕೊಡುತ್ತಾರೆ.