ಬಿದ್ದ ಹೆಲಿಕಾಪ್ಟರ್ ಎತ್ತುವಾಗ ಹಗ್ಗ ಕೊನೆಗೆ

ಹೋದ ಮಳೆಗಾಲ ದೋಣಿಗಾಲ್ ಹತ್ತಿರ ಲಾರಿಯೊಂದು ಚರಂಡಿಗೆ ಇಳಿದಿತ್ತು. ಕ್ರೇನಿನವನು ಲೋಡು ಇಳಿಸದೆ ಸರಪಳಿ ಹಾಕಿ ಎಳೆದ, ಲಾರಿ ಪೂರ್ತಿ ಮಗುಚಿತು. ಜೊತೆಗಿದ್ದ ಅಣ್ಣನ ಮಗ, ಎನ್‌ಸಿಸಿ ಹುಡುಗ, "ಚಿಕ್ಕಪ್ಪಾ, ಯುದ್ಧದಲ್ಲಿ ಹೆಲಿಕಾಪ್ಟರ್ ಬಿದ್ರೆ ಹೆಂಗೆ ಎತ್ತತಾರೆ?" ಅಂದ. ಸೇನೆಯ ವರ್ಕ್‌ಶಾಪಿನಲ್ಲಿ 22 ವರ್ಷ ದುಡಿದು ಈಗ ಹಾನುಬಾಳು ಕಡೆ ಕಾಫಿ ನೋಡಿಕೊಂಡಿರುವವನು ನಾನು. ಗುಂಡಿನ ನಡುವೆ ಎತ್ತಿಸಿಲ್ಲ, ಕಲಿತಿದ್ದೇನೆ, ಕಲಿಸಿದ್ದೇನೆ.

ಮೊದಲು ಒಳಗಿರುವ ಜನ. ಆಮೇಲೆ ಸುತ್ತ ಕಾವಲು. ಬಿದ್ದ ಯಂತ್ರ ಶತ್ರುವಿಗೆ ಬೋನಿನೊಳಗಿನ ಮೇಕೆ ಇದ್ದ ಹಾಗೆ, ಎತ್ತಲು ಬರುವವರಿಗಾಗಿ ಕಾದಿರುತ್ತಾನೆ. ರಾಕೆಟ್, ಫ್ಲೇರ್ (ಕ್ಷಿಪಣಿಯ ದಾರಿ ತಪ್ಪಿಸುವ ಬೆಂಕಿಗುಂಡು) ಎಲ್ಲ ಸ್ಫೋಟಕದವರು ತೆಗೆಯುವ ತನಕ ಮೆಕ್ಯಾನಿಕ್ ಹತ್ತಿರ ಸುಳಿಯಬಾರದು. ಬ್ಯಾಟರಿ ಕಳಚಿ. ಬೀಡಿಯವರನ್ನು ದೂರ ಕೂರಿಸಿ.

ಈಗ ತೀರ್ಮಾನ: ಅಲ್ಲೇ ರಿಪೇರಿ ಮಾಡಿ ಹಾರಿಸುವುದೋ, ಇನ್ನೊಂದು ಹೆಲಿಕಾಪ್ಟರಿಗೆ ನೇತುಹಾಕಿ ಒಯ್ಯುವುದೋ, ಬೇಕಾದ್ದು ಕಿತ್ತುಕೊಂಡು ಸುಡುವುದೋ. ಯಾವುದೇ ಆದರೂ ಗುಪ್ತ ರೇಡಿಯೋ, ಶತ್ರು-ಮಿತ್ರ ಗುರುತಿಸುವ ಪೆಟ್ಟಿಗೆ, ನಕ್ಷೆಗಳು ಮೊದಲು ಹೊರಗೆ. ಸುಡುವುದಾದರೆ ಅರೆಬರೆ ಬೇಡ. 2011ರ ಮೇ 2ರಂದು ಪಾಕಿಸ್ತಾನದ ಅಬೊಟ್ಟಾಬಾದಿನಲ್ಲಿ, ಬಿನ್ ಲಾಡೆನ್ ಮೇಲಿನ ದಾಳಿಯಲ್ಲಿ, ಅಮೆರಿಕದವರು ಕೆಳಗೆ ಬಿದ್ದ ತಮ್ಮ ಹೆಲಿಕಾಪ್ಟರ್ ಸ್ಫೋಟಿಸಿದರೂ ಬಾಲ ಗೋಡೆಯಾಚೆ ಉಳಿಯಿತು. ಆ ಗುಟ್ಟಿನ ಬಾಲದ ಫೋಟೋವನ್ನು ಲೋಕವೆಲ್ಲ ನೋಡಿತು.

ಒಯ್ಯುವುದಾದರೆ ಹಗುರ ಮಾಡುವುದರಲ್ಲೇ ಮುಕ್ಕಾಲು ಕೆಲಸ. ಸಾವಿರ ಲೀಟರ್ ಇಂಧನ ಅಂದರೆ ಸುಮಾರು 800 ಕೆ.ಜಿ., ನಮ್ಮ 50 ಕೆ.ಜಿ. ಮೂಟೆ ಲೆಕ್ಕದಲ್ಲಿ 16 ಮೂಟೆ. ಅದನ್ನು ಬಸಿಯಿರಿ, ಮದ್ದುಗುಂಡು ಇಳಿಸಿ, ಸಡಿಲ ಬಾಗಿಲು ಬಿಚ್ಚಿ. ಮೇಲೆ ತಿರುಗುವ ರೋಟರ್ ರೆಕ್ಕೆಗಳನ್ನು ಕಳಚಬೇಕು, ಆಗದಿದ್ದರೆ ಅಲುಗಾಡದಂತೆ ಬಿಗಿಯಬೇಕು. ಬಿಟ್ಟರೆ ಗಾಳಿಗೆ ಸಿಕ್ಕಿ ಹೊರೆ ತಾನೇ ಹಾರಲು ನೋಡುತ್ತದೆ. ಸ್ಲಿಂಗ್, ಅಂದರೆ ಎತ್ತುವ ಹಗ್ಗ, ರೆಕ್ಕೆಗಳು ಕೂರುವ ರೋಟರ್ ತಲೆಗೆ. ಚೂಪು ಅಂಚು ಇದ್ದಲ್ಲಿ ಗೋಣಿಚೀಲ ಸುತ್ತಿ. ಗಿರಗಿರ ತಿರುಗದ ಹಾಗೆ ಬಾಲಕ್ಕೆ ಚಿಕ್ಕ ಪ್ಯಾರಾಚೂಟ್ ಕಟ್ಟುವ ಉಪಾಯ ವಿಯೆಟ್ನಾಂ ಯುದ್ಧದಲ್ಲಿ ಚೆನ್ನಾಗಿ ನಡೆಯಿತು. ಅಲ್ಲಿ ಭಾರ ಹೊರುವ ದೊಡ್ಡ ಹೆಲಿಕಾಪ್ಟರ್ ಚಿನೂಕ್‌ಗಳು ಸಾವಿರಾರು ಕೆಟ್ಟ ವಿಮಾನ, ಹೆಲಿಕಾಪ್ಟರ್‌ಗಳನ್ನು ಹೀಗೆ ಹೊತ್ತಿವೆ. ನಮ್ಮ ವಾಯುಪಡೆಗೆ ಚಿನೂಕ್ ಸೇರಿದ್ದು 2019ರ ಮಾರ್ಚ್‌ನಲ್ಲಿ, ಚಂಡೀಗಢದಲ್ಲಿ. ಆದರೆ ಅದರ ಎತ್ತುವ ಶಕ್ತಿಯನ್ನು ಪುಸ್ತಕದಲ್ಲಿ ಓದಿ ನಂಬಬೇಡಿ. ಎತ್ತರ ಏರಿದಷ್ಟೂ, ಬಿಸಿಲು ಹೆಚ್ಚಿದಷ್ಟೂ ಗಾಳಿ ತೆಳುವಾಗಿ ಹೊರೆ ಕಡಿಮೆ ಮಾಡಬೇಕಾಗುತ್ತದೆ.

ಕೊಕ್ಕೆ ಹಾಕುವ ಗಳಿಗೆ. ತಲೆ ಮೇಲೆ ನಿಂತ ಹೆಲಿಕಾಪ್ಟರ್ ಮೈತುಂಬ ಸ್ಥಿರ ವಿದ್ಯುತ್ ಹೊತ್ತಿರುತ್ತದೆ. ನೆಲಕ್ಕೆ ಅರ್ತ್ ಮಾಡಿದ ಕೋಲನ್ನು ಕೊಕ್ಕೆಗೆ ಮುಟ್ಟಿಸಿದ ಮೇಲೆಯೇ ಕೈ. ತರಬೇತಿಯಲ್ಲಿ ನಾನು ಶೂರನಾಗಲು ಹೋಗಿ ಮೊದಲೇ ಕೈಚಾಚಿದೆ. ಎದ್ದಾಗ ಬಾಯ್ತುಂಬ ಮಣ್ಣು, ಉಸ್ತಾದರ ಬೈಗುಳ ಬೇರೆ. ಕನ್ನಡಕ ಹಾಕಿ. ಸನ್ನೆ ಮಾಡುವವನು ಒಬ್ಬನೇ ಇರಲಿ. ಕೊಕ್ಕೆ ಕೂತ ತಕ್ಷಣ ಮೊದಲೇ ಗೊತ್ತುಮಾಡಿದ ದಿಕ್ಕಿಗೆ ಓಡಿ.

ಹೊರೆ ನೆಲ ಬಿಟ್ಟು ಎದ್ದ ಮೇಲೆ ಪೈಲಟ್‌ಗೆ ಒಂದು ಹಕ್ಕಿದೆ, ಹೊರೆ ಬಿಟ್ಟುಬಿಡುವುದು. ಇದು ಯುದ್ಧದ ಮಾತಲ್ಲ, 2024ರ ಆಗಸ್ಟ್ 31ರಂದು ಕೇದಾರನಾಥದಿಂದ ಕೆಟ್ಟ ಹೆಲಿಕಾಪ್ಟರ್ ಒಯ್ಯುತ್ತಿದ್ದ ಎಂಐ-17 ಹೆಲಿಕಾಪ್ಟರ್ ಹೊರೆಯ ತೂಗಾಟ ತಾಳದೆ ಅದನ್ನು ಕಣಿವೆಗೆ ಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ಹಾರುವ ದಾರಿ ಗುರುತು ಮಾಡುವಾಗ ಊರು, ರಸ್ತೆ, ನಮ್ಮದೇ ಠಾಣೆ, ಯಾವುದರ ಮೇಲೂ ಹಾಯದಂತೆ ಗೆರೆ ಎಳೆಯಿರಿ.