ಪೊಲೀಸರದೇ ಕಾಗದ, ನಮ್ಮ ಡಿಕ್ರಿ

ನನ್ನ ಕಕ್ಷಿದಾರನ ಮೇಲೆ ಸುಳ್ಳು ಕೇಸು ಹಾಕಿದ ಸಬ್‌ಇನ್‌ಸ್ಪೆಕ್ಟರ್ ಮೇಲೆ ದುರುದ್ದೇಶದ ಮೊಕದ್ದಮೆಗೆ ಪರಿಹಾರದ ದಾವೆ ಹಾಕುತ್ತೇನೆ ಎಂದಾಗ ವಕೀಲರ ಸಂಘದಲ್ಲಿ ನಕ್ಕವರೇ ಹೆಚ್ಚು. 'ಖುಲಾಸೆ ಆಯಿತಲ್ಲ, ಇನ್ನೇನು ಬೇಕು ಸಾರ್?' ಎಂದರು. ಈಗ ಅವರೇ ದಾವಾಪತ್ರದ ನಕಲು ಕೇಳುತ್ತಿದ್ದಾರೆ.

ಕಕ್ಷಿದಾರ ಕಿರಾಣಿ ಅಂಗಡಿಯವನು, ಅವನ ಮೇಲಿದ್ದದ್ದು ಅಕ್ರಮ ಮದ್ಯದ ಪ್ರಕರಣ. ಫಿರ್ಯಾದಿಯೂ ಸಬ್‌ಇನ್‌ಸ್ಪೆಕ್ಟರೇ ಆದ್ದರಿಂದ ಮೊಕದ್ದಮೆ ಹೂಡಿದವರು ಯಾರೆಂಬ ತಕರಾರು ಏಳಲಿಲ್ಲ. ಆ ಮೊಕದ್ದಮೆ ನಮ್ಮ ಪರ ಮುಗಿದದ್ದಕ್ಕೂ ನಷ್ಟಕ್ಕೂ ದಾಖಲೆ ಇತ್ತು. ಇಂಥ ದಾವೆಯಲ್ಲಿ ಎಲ್ಲರೂ ಮುಗ್ಗರಿಸುವುದು ಮೊಕದ್ದಮೆ ಹೂಡಲು ಸಕಾರಣ ಇರಲಿಲ್ಲ ಎಂಬ ಅಂಶದಲ್ಲಿ. ಇಲ್ಲದ್ದನ್ನು ಇಲ್ಲವೆಂದು ವಾದಿಯೇ ರುಜುವಾತು ಮಾಡಬೇಕು. ಖುಲಾಸೆಯ ತೀರ್ಪು ಖುಲಾಸೆ ಆಯಿತೆಂಬುದಕ್ಕಷ್ಟೇ ಸಾಕ್ಷ್ಯ. ನಮ್ಮದರಲ್ಲಿ 'ಸಂಶಯದ ಲಾಭ' ಎಂದು ಬೇರೆ ಬರೆದಿತ್ತು.

ಹಳೆಯ ದ್ವೇಷ ಸಾಬೀತುಪಡಿಸಲು ಹೋಗಿ ಸೋತ ದಾವೆಗಳನ್ನು ಕಂಡಿದ್ದೆ. ಅದರ ಗೊಡವೆಗೇ ಹೋಗಲಿಲ್ಲ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಜೀಪಿನ ಲಾಗ್‌ಪುಸ್ತಕ ಕೇಳಿದೆ. ತನಿಖೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಎನ್ನುವ 8(1)(ಎಚ್) ಕಲಂ ತೋರಿಸಿ ತಿರಸ್ಕರಿಸಿದರು. ವಿಚಾರಣೆಯೇ ಮುಗಿದ ಮೇಲೆ ತನಿಖೆಗೆ ಅಡ್ಡಿ ಎಲ್ಲಿಂದ ಎಂದು ಮೇಲ್ಮನವಿ ಹಾಕಿದ ನಂತರ ಸಿಕ್ಕಿತು. ಪೊಲೀಸರು ಸ್ಥಳದಲ್ಲೇ ಬರೆದದ್ದೆನ್ನುವ ಮಹಜರಿನ ಪ್ರಕಾರ ಮದ್ಯ ಹಿಡಿದದ್ದು ಸಂಜೆ ನಾಲ್ಕರಿಂದ ಐದು, ಕೆರೆ ಏರಿ. ಲಾಗ್‌ಪುಸ್ತಕದ ಪ್ರಕಾರ ಅದೇ ಹೊತ್ತಿಗೆ ಜೀಪು ಜಿಲ್ಲಾ ಕೇಂದ್ರದ ಬಂಕಿನಲ್ಲಿ; ಆ ನಮೂದಿನ ಎದುರಿಗೆ ಸಬ್‌ಇನ್‌ಸ್ಪೆಕ್ಟರ್ ರುಜು. ಪಾಟೀಸವಾಲಿನಲ್ಲಿ ಇದನ್ನು ಯಾವ ಪ್ರಶ್ನೆಯ ಹಿಂದೆ ಇಟ್ಟೆ ಎಂಬುದು ನನ್ನಲ್ಲೇ ಇರಲಿ. ಸುಳ್ಳೆಂದು ಗೊತ್ತಿದ್ದೂ ದೋಷಾರೋಪ ಪಟ್ಟಿ ಹಾಕಿದವರ ದುರುದ್ದೇಶಕ್ಕೆ ಬೇರೆ ಪುರಾವೆ ಬೇಡ ಎಂದು ನ್ಯಾಯಾಧೀಶರು ಬರೆದರು.

ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ದೊಡ್ಡ ಗೋಡೆ. ಸರ್ಕಾರದ ಪೂರ್ವಾನುಮತಿ ಇಲ್ಲವೆಂದು ಪರಿಚಿತರೊಬ್ಬರ ದಾವೆ ಮೊದಲ ಹಂತದಲ್ಲೇ ಬಿತ್ತು. ಸುಪ್ರೀಂ ಕೋರ್ಟಿನ 2020ರ ದೇವರಾಜ ತೀರ್ಪಿನ ನಂತರ ಕರ್ತವ್ಯ ಮೀರಿದ ಕೃತ್ಯಕ್ಕೂ ಈ ರಕ್ಷಣೆ ಸಿಗಬಹುದು, ಕರ್ತವ್ಯದೊಡನೆ ಸಮಂಜಸ ನಂಟಿದ್ದರೆ. ಮಹಜರು ಸೃಷ್ಟಿಸುವುದು ಯಾವ ಕರ್ತವ್ಯ ಎಂಬುದೇ ನನ್ನ ವಾದ. ಆದರೂ ಅನುಮತಿ ಕೇಳಿದ್ದೆ, ಉತ್ತರ ಬರಲಿಲ್ಲ. 170ಕ್ಕೆ ಒಂದು ತಿಂಗಳ ನೋಟಿಸು, ಸಿವಿಲ್ ಪ್ರಕ್ರಿಯಾ ಸಂಹಿತೆಯ 80ಕ್ಕೆ ಎರಡು ತಿಂಗಳದ್ದು. ಒಂದೇ ನೋಟಿಸಿನಲ್ಲಿ ಎರಡನ್ನೂ ಮುಗಿಸಿದೆ. ಖುಲಾಸೆಯಿಂದ ಒಂದೇ ವರ್ಷದ ಕಾಲಮಿತಿ; ನೋಟಿಸಿನ ಅವಧಿಯನ್ನು ಲೆಕ್ಕದಿಂದ ಬಿಡುತ್ತಾರೆ ಎಂಬ ಧೈರ್ಯದ ಮೇಲೆ ಕೊನೆಯ ವಾರದವರೆಗೆ ಕಾಯಬಾರದು.

ನಡುವೆ ಅದೂ ಇದೂ ಪ್ರಯೋಗಿಸಿದೆ. ಸುಳ್ಳು ಆರೋಪ ಹೊರಿಸಿದ್ದಕ್ಕೆ ಆಗಿನ ದಂಡ ಸಂಹಿತೆಯ 211ರಡಿ ಖಾಸಗಿ ದೂರು ಕೊಟ್ಟರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 195ರ ತಡೆ: ನ್ಯಾಯಾಲಯವೇ ದೂರು ಕೊಡಬೇಕಂತೆ. ಅದೇ ಪ್ರಕ್ರಿಯಾ ಸಂಹಿತೆಯ 358ರಡಿ ಆಧಾರವಿಲ್ಲದ ಬಂಧನಕ್ಕೆ ಪರಿಹಾರ ಕೇಳೋಣವೆಂದರೆ ಗರಿಷ್ಠ ಸಾವಿರ ರೂಪಾಯಿ, ಅಲೆದಾಟದ ಬಸ್ ಚಾರ್ಜಿಗೂ ಸಾಲದು.

ಐದು ಲಕ್ಷ ಕೇಳಿದ್ದೆವು. ನ್ಯಾಯಾಲಯ ಶುಲ್ಕವೇ ಮೂವತ್ತಮೂರು ಸಾವಿರದ ಆಸುಪಾಸು. ಕಕ್ಷಿದಾರ ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದ. ಸಿಕ್ಕಿದ್ದು ಒಂದೂವರೆ ಲಕ್ಷ ಮತ್ತು ಬಡ್ಡಿ. ಮೇಲ್ಮನವಿ ಬಾಕಿ ಇದೆ, ಅರ್ಧ ಹಣ ಠೇವಣಿಯಾಗಿದೆ. ಅದನ್ನು ಬಿಡಿಸಿಕೊಳ್ಳುವ ಅರ್ಜಿ ಮುಂದಿನ ವಾರ ವಾದಕ್ಕೆ ಬರುತ್ತದೆ.